ಕಂಪೆನಿಯ ಪೆಟ್ಟಿಗೆ ಸಾಕೇ, ಸ್ವಂತ ರೌಟರ್ ಬೇಕೇ?



ಹಿಂದೆ ಗಲ್ಲಾದಲ್ಲಿ ಬಿಲ್ ಪುಸ್ತಕ, ಪೆನ್ನು ಇದ್ದರೆ ಹೋಟೇಲು ನಡೆಯುತ್ತಿತ್ತು. ಈಗ ಬಿಲ್ಲಿಂಗ್ ಕಂಪ್ಯೂಟರ್, ಕಿಚನ್‌ನ ಕೆಓಟಿ ಪ್ರಿಂಟರ್, ಕ್ಯಾಪ್ಟನ್ ಕೈಯ ಟ್ಯಾಬ್, ಸ್ವಿಗ್ಗಿ-ಜೊಮಾಟೊ ಆರ್ಡರ್ ಎಲ್ಲವೂ ವೈಫೈಯನ್ನು ನಂಬಿಕೊಂಡಿವೆ. ಭಾನುವಾರ ಮಧ್ಯಾಹ್ನ ಹತ್ತು ನಿಮಿಷ ಅದು ನಿಂತರೆ ನಷ್ಟ ನಮ್ಮದೇ. ಆದ್ದರಿಂದ ಈ ವಿಷಯ ಮಾಲಕರೇ ತಿಳಿದಿರುವುದು ಒಳ್ಳೆಯದು.

ಇಂಟರ್ನೆಟ್ ಕಂಪೆನಿಯವರು ಗೋಡೆಗೆ ಹಾಕಿಹೋಗುವ ಪೆಟ್ಟಿಗೆಗೆ ಸಾಮಾನ್ಯವಾಗಿ ಎರಡು ಕೆಲಸ. ಒಂದು, ಫೈಬರ್ ತಂತಿಯಲ್ಲಿ ಬೆಳಕಾಗಿ ಬರುವ ಸಿಗ್ನಲನ್ನು ಕಂಪ್ಯೂಟರಿಗೆ ತಿಳಿಯುವಂತೆ ಬದಲಾಯಿಸುವುದು. ಪೆಟ್ಟಿಗೆಯ ನಂಬರ್ ಕಂಪೆನಿಯಲ್ಲಿ ದಾಖಲಾಗಿರುತ್ತದೆ. ಅಂಗಡಿಯಿಂದ ತಂದ ಸಾಧಾರಣ ರೌಟರ್ ಈ ಕೆಲಸ ಮಾಡದು. ಎರಡನೆಯದು, ಹೋಟೇಲಿನೊಳಗೆ ವೈಫೈ ಹಂಚುವುದು. ನಮ್ಮ ಆಯ್ಕೆ ಇರುವುದು ಈ ಎರಡನೆಯ ಕೆಲಸದಲ್ಲಿ ಮಾತ್ರ.

ಹತ್ತು ಟೇಬಲಿನ ಸಣ್ಣ ಹೋಟೇಲಿಗೆ ಕಂಪೆನಿಯ ಪೆಟ್ಟಿಗೆಯೇ ಸಾಕು. ಅದು ಅವರದ್ದೇ ಆಗಿದ್ದರೆ ಕೆಟ್ಟಾಗ ಬದಲಾಯಿಸುವ ಜವಾಬ್ದಾರಿಯೂ ಸಾಮಾನ್ಯವಾಗಿ ಅವರದ್ದು. ಡಿಪಾಸಿಟ್ ಕೊಟ್ಟಿದ್ದರೆ ರಸೀದಿ ಜೋಪಾನವಾಗಿಡಿ.

ದೊಡ್ಡ ಹೋಟೇಲಿಗೆ ಸ್ವಂತ ರೌಟರ್ ಮೇಲು. ಇದಕ್ಕೆ ಮುಖ್ಯ ಕಾರಣವೊಂದಿದೆ. ಕಂಪೆನಿ ಬದಲಾಯಿಸಿದಾಗ ಪೆಟ್ಟಿಗೆಯೂ ಹೋಗುತ್ತದೆ. ಅದರ ಜೊತೆ ವೈಫೈಯ ಹೆಸರು, ಪಾಸ್‌ವರ್ಡ್ ಹೋಗಿ, ಪ್ರಿಂಟರ್, ಟ್ಯಾಬ್, ಕ್ಯಾಮರಾ ಎಲ್ಲವನ್ನೂ ಹೊಸದಾಗಿ ಜೋಡಿಸಬೇಕಾಗುತ್ತದೆ. ಸ್ವಂತ ರೌಟರ್ ಇದ್ದರೆ ಹೊಸ ಪೆಟ್ಟಿಗೆಯಿಂದ ಒಂದು ಕೇಬಲ್ ತಂದು ಸಿಕ್ಕಿಸಿದರೆ ಬಹುತೇಕ ಕೆಲಸ ಮುಗಿಯಿತು. ಸುಮಾರು 2,000ದಿಂದ 4,000 ರೂಪಾಯಿಗೆ ಒಳ್ಳೆಯ ರೌಟರ್ ಸಿಗುತ್ತದೆ. ಅದನ್ನು ಹಾಕಿದ ಮೇಲೆ ಕಂಪೆನಿಯ ಪೆಟ್ಟಿಗೆಯ ವೈಫೈಯನ್ನು ಬಂದ್ ಮಾಡಿಸಿ. ಇಲ್ಲವಾದರೆ ಎರಡೂ ಒಂದಕ್ಕೊಂದು ಅಡ್ಡ ಬರುತ್ತವೆ.

ಇಡುವ ಜಾಗವೂ ಮುಖ್ಯ. ವೈಫೈಯ 2.4 ಗಿಗಾಹರ್ಟ್ಸ್ ಅಲೆ ದೂರ ಹೋಗುತ್ತದೆ, ಆದರೆ ಮೈಕ್ರೊವೇವ್ ಓವನ್ ನಡೆಯುವಾಗ ಅದಕ್ಕೆ ಅಡಚಣೆ. 5 ಗಿಗಾಹರ್ಟ್ಸ್ ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ. ಸದಾಶಿವ ಪೇಠ್, ಶನಿವಾರ ಪೇಠ್ ಕಡೆಯ ಹಳೆ ಕಟ್ಟಡಗಳ ದಪ್ಪ ಗೋಡೆ, ಸ್ಟೀಲ್ ಫ್ರಿಜ್ ಎರಡೂ ಸಿಗ್ನಲನ್ನು ತಡೆಯುತ್ತವೆ. ಬಿಲ್ಲಿಂಗ್ ಕಂಪ್ಯೂಟರಿಗೂ ಕೆಓಟಿ ಪ್ರಿಂಟರಿಗೂ ಸಾಧ್ಯವಾದಷ್ಟು ಕೇಬಲನ್ನೇ ಎಳೆಸಿ. ಕರೆಂಟು ಹೋದಾಗ ಪೆಟ್ಟಿಗೆ, ರೌಟರ್ ಎರಡೂ ಬ್ಯಾಟರಿಯಲ್ಲಿ ನಡೆಯಬೇಕು, ಒಂದು ನಿಂತರೂ ಇಂಟರ್ನೆಟ್ ಇಲ್ಲ.

ಗಿರಾಕಿಗಳಿಗೆ ವೈಫೈ ಕೊಡುವವರು ರೌಟರಿನ ‘ಗೆಸ್ಟ್’ ಸೌಲಭ್ಯ ಬಳಸಿ, ಬಿಲ್ಲಿಂಗ್‌ನಿಂದ ಅದನ್ನು ಬೇರೆಯಿಡಿ. ಪಾಸ್‌ವರ್ಡ್ ಇಲ್ಲದೆ ತೆರೆದಿಡಬೇಡಿ. 2008ರ ಜುಲೈಯಲ್ಲಿ ಅಹಮದಾಬಾದ್ ಸ್ಫೋಟಕ್ಕೆ ಮುನ್ನ ಬಂದ ಈಮೇಲ್, ನವಿ ಮುಂಬೈಯ ಮನೆಯೊಂದರ ಭದ್ರತೆಯಿಲ್ಲದ ವೈಫೈಯಿಂದ ಹೋಗಿತ್ತು. ಸಂಪರ್ಕ ಯಾರ ಹೆಸರಿನಲ್ಲಿತ್ತೋ ಪೊಲೀಸರ ವಿಚಾರಣೆ ಮೊದಲು ಅವರಿಗೇ. 2009ರ ಫೆಬ್ರವರಿಯಲ್ಲಿ ದೂರಸಂಪರ್ಕ ಇಲಾಖೆ ವೈಫೈ ಭದ್ರತೆಯ ಬಗ್ಗೆ ಸೂಚನೆ ಹೊರಡಿಸಿತು. ನಮ್ಮ ಹೋಟೇಲಿನ ಕನೆಕ್ಷನ್ ಕೂಡ ನಮ್ಮ ಹೆಸರಿನಲ್ಲೇ ಇದೆಯೆಂಬುದು ನೆನಪಿರಲಿ.

ರೌಟರ್ ಕೊಳ್ಳುವ ಮೊದಲು, ಅದನ್ನು ತಮ್ಮ ಪೆಟ್ಟಿಗೆಗೆ ಜೋಡಿಸಿಕೊಡುತ್ತೀರಾ ಎಂದು ಕಂಪೆನಿಯವರನ್ನು ಕೇಳಿ. ರೌಟರಿನ ಪಾಸ್‌ವರ್ಡನ್ನು ಬರೆದು ಗಲ್ಲಾದ ಬೀಗದೊಳಗಿಡಿ. ಕೆಲಸದ ಹುಡುಗ ಊರಿಗೆ ಹೋದಾಗ ಅದು ಅವನ ಜೊತೆ ಹೋಗಬಾರದು.