ಬಾಳೆ ಸತ್ತಿಲ್ಲ, ಕತ್ತಿ ಕೆಳಗಿಡಿ!

ಹಾಸನ: ಮಾಗಿಯ ಚಳಿ ಜೋರಾದ ವರ್ಷ ಹಿತ್ತಲ ಬಾಳೆಗೆ ಎರಡು ಗಂಡಾಂತರ. ಒಂದು ಚಳಿಯದು, ಇನ್ನೊಂದು ಮನೆಯವರ ಕತ್ತಿಯದು. ಎಲೆ ಹಳದಿಯಾಗಿ ಅಂಚು ಸುಟ್ಟಂತಾದರೆ ಸಾಕು, "ಇನ್ನೇನ್ ಬಿಡಿ, ಗಿಡ ಹೋಯ್ತು" ಎಂದು ಬುಡಕ್ಕೇ ಕತ್ತಿ ಹಾಕುವವರು ಬೀದಿಗೊಬ್ಬರು ಸಿಗುತ್ತಾರೆ. ಚಳಿಗೆ ಸಾಯದ ಎಷ್ಟೋ ಬಾಳೆ ಹೀಗೆ ಸಾಯುತ್ತದೆ.

ಬಾಳೆ ಬೆಚ್ಚನೆಯ ನಾಡಿನ ಗಿಡ. ಸುಮಾರು 16 ಡಿಗ್ರಿಗಿಂತ ಕೆಳಗಿಳಿದರೆ ಬೆಳವಣಿಗೆ ಕುಂಟುತ್ತದೆ. 12 ಡಿಗ್ರಿಗೂ ಕೆಳಗಿನ ರಾತ್ರಿಗಳು ಸಾಲಾಗಿ ಬಂದರೆ ಎಲೆ ಹಳದಿಯಾಗುತ್ತದೆ, ಸುಳಿ ಬಿಚ್ಚದೆ ನಿಲ್ಲುತ್ತದೆ, ಹೊರಬರಬೇಕಾದ ಗೊನೆ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಡಿಸೆಂಬರ್, ಜನವರಿಯಲ್ಲಿ ಹಾಸನ, ಬೀದರ್, ವಿಜಯಪುರದ ಕಡೆ ಇಂಥ ರಾತ್ರಿಗಳು ಹೊಸದೇನಲ್ಲ.

ಜೀವ ಇರೋದು ಎಲ್ಲಿ?

ಕಣ್ಣಿಗೆ ಕಾಣುವ ಬಾಳೆಕಂಬ ನಿಜವಾದ ಕಾಂಡವೇ ಅಲ್ಲ. ಎಲೆಯ ಪಟ್ಟೆಗಳು ಒಂದರ ಮೇಲೊಂದು ಸುತ್ತಿಕೊಂಡು ಕಂಬವಾಗಿವೆ. ಕಾಂಡವೆಂದರೆ ಮಣ್ಣೊಳಗಿನ ಗೆಡ್ಡೆ. ಮೇಲೆ ಎಲ್ಲ ಒಣಗಿದರೂ ಗೆಡ್ಡೆ ಬೆಚ್ಚಗಿದ್ದರೆ ಗಿಡ ಮತ್ತೆ ಚಿಗುರುತ್ತದೆ.

ಚಳಿ ಇರುವಾಗ ಏನನ್ನೂ ಕಡಿಯಬಾರದು. ಸುಟ್ಟ ಎಲೆಯೂ ಸುಳಿಗೆ ಒಂದಿಷ್ಟು ಮರೆ. ಚಳಿ ಇಳಿದ ಮೇಲೆ ಪೂರ್ತಿ ಒಣಗಿದ್ದನ್ನಷ್ಟೇ ತೆಗೆದು, ಅರ್ಧ ಹಸಿರು ಇರುವುದನ್ನು ಬಿಡಬೇಕು. ತಲೆ ಕೊಳೆತ ಅನುಮಾನವಿದ್ದರೆ ಮೇಲಿನಿಂದ ಸ್ವಲ್ಪ ಸ್ವಲ್ಪವೇ ಕೊಯ್ದು ನೋಡಬೇಕು. ಒಳಗೆ ಬೆಳ್ಳಗೆ, ಗಟ್ಟಿಯಾಗಿ, ನೀರು ಜಿನುಗಿದರೆ ಜೀವ ಇದೆ, ಅಲ್ಲಿಗೇ ನಿಲ್ಲಿಸಿ. ಕಂದಾಗಿ ಮೆತ್ತಗಿದ್ದು ವಾಸನೆ ಹೊಡೆದರೆ ಇನ್ನಷ್ಟು ಕೆಳಗೆ ಕೊಯ್ಯಿರಿ. ದಿಂಡು ಆಗಲೇ ಮೇಲೇರಿದ್ದ ಗಿಡದ ತಲೆ ಹೋದರೆ ಮಾತ್ರ ಅದರಲ್ಲಿ ಗೊನೆಯ ಆಸೆ ಇಲ್ಲ. ಬುಡದ ಒಳ್ಳೆಯ ಕಂದೊಂದನ್ನು ಉಳಿಸಿಕೊಳ್ಳುವುದೇ ಜಾಣತನ.

ನೀರು, ಗೊಬ್ಬರ

"ಪಾಪ, ಬಾಡಿದೆ" ಎಂದು ಕೊಡಗಟ್ಟಲೆ ನೀರು ಸುರಿಯುವುದು ತಪ್ಪು. ತಣ್ಣಗಿರುವ ಮಣ್ಣಲ್ಲಿ ಬೇರು ಕುಡಿಯುವುದೇ ಕಡಿಮೆ. ನೀರು ನಿಂತರೆ ಬೇರು ಕೊಳೆಯುತ್ತದೆ. ಮಣ್ಣು ಹದವಾಗಿ ತೇವ ಇದ್ದರೆ ಸಾಕು. ಬುಡಕ್ಕೆ ತರಗೆಲೆ, ಹುಲ್ಲು ಹೊದಿಸಿ. ಯೂರಿಯಾಕ್ಕೂ ಅವಸರ ಬೇಡ. ಹೊಸ ಎಲೆ ಬಿಚ್ಚಿದ ಮೇಲೆ ಕೊಟ್ಟಿಗೆ ಗೊಬ್ಬರ, ಜೊತೆಗೆ ಸಾರಜನಕ ಮತ್ತು ಪೊಟ್ಯಾಷ್ ಗೊಬ್ಬರವನ್ನು ಎರಡು ಮೂರು ಕಂತಿನಲ್ಲಿ ಕೊಟ್ಟರೆ ಗಿಡ ತಡೆಯುತ್ತದೆ. ಎಲೆ ಹೋದ ಗೊನೆಗೆ ಬಿಸಿಲು ನೇರ ಬೀಳುವುದರಿಂದ ಒಣಎಲೆ ಸುತ್ತಿ ಮರೆ ಮಾಡಬೇಕು.

ಹಳದಿಯೆಲ್ಲ ಚಳಿಯಲ್ಲ

ಎಚ್ಚರ ಬೇಕಾದ್ದು ಇಲ್ಲಿ. ಪನಾಮಾ ಸೊರಗು ರೋಗ ಬಂದರೂ ಎಲೆ ಹಳದಿಯಾಗುತ್ತದೆ. ಅದು ಹಳೆಯ ಎಲೆಯ ಅಂಚಿನಿಂದ ಶುರುವಾಗಿ, ಎಲೆಗಳು ತೊಟ್ಟಲ್ಲಿ ಮುರಿದು ಕಂಬದ ಸುತ್ತ ಲಂಗದಂತೆ ಜೋತುಬೀಳುತ್ತವೆ. ಕಂಬ ಕೊಯ್ದರೆ ಒಳಗೆ ಕೆಂಗಂದು ಗೆರೆ ಕಾಣುತ್ತದೆ. ನಂಜನಗೂಡು ರಸಬಾಳೆಯನ್ನು ಅಪರೂಪದ ಹಣ್ಣು ಮಾಡಿದ್ದು ಈ ರೋಗವೇ. ಇದಕ್ಕೆ ಕಾದು ಕೂತರೆ ಉಪಯೋಗವಿಲ್ಲ. ಅದರ ಕಂದು ಕಿತ್ತು ನೆಂಟರಿಗೆ ಕೊಟ್ಟರೆ ಕೊಟ್ಟದ್ದು ಗಿಡವಲ್ಲ, ರೋಗ. ಅನುಮಾನ ಬಂದರೆ ತೋಟಗಾರಿಕೆ ಇಲಾಖೆಯವರಿಗೆ ತೋರಿಸುವುದೇ ಸರಿ.

ಅಂಗಡಿಯವರಿಗೂ ಒಂದು ಮಾತು

ಕಿತ್ತ ಕಾಯಿಗೂ ಚಳಿ ಆಗದು. 13 ಡಿಗ್ರಿಗಿಂತ ತಣ್ಣಗಿನ ಜಾಗದಲ್ಲಿ ಬಹಳ ಹೊತ್ತು ಇದ್ದ ಕಾಯಿ ಸಿಪ್ಪೆ ಮಂಕಾಗಿ, ಬೂದು ತಿರುಗಿ, ಚೆಂದದ ಹಳದಿಗೆ ಬರುವುದಿಲ್ಲ. ಗೊನೆಯನ್ನು ರಾತ್ರಿ ಒಳಗಿಟ್ಟು ಗೋಣಿ ಹೊದಿಸಿದರೆ ನಷ್ಟ ತಪ್ಪುತ್ತದೆ. ಚಳಿಗೆ ಹಣ್ಣಾಗುವುದು ತಡ ಎಂದು ಕಾರ್ಬೈಡ್ ಇಡುವಂತಿಲ್ಲ, ಅದಕ್ಕೆ ಕಾನೂನಿನ ನಿಷೇಧವಿದೆ. ಕೊಳ್ಳುವವರೂ ಸಿಪ್ಪೆ ಸ್ವಲ್ಪ ಮಂಕಾಗಿದೆಯೆಂದು ಮೂಗು ಮುರಿಯಬೇಕಿಲ್ಲ. ಒಳಗಿನ ತಿರುಳು ಬಹುಮಟ್ಟಿಗೆ ಚೆನ್ನಾಗಿಯೇ ಇರುತ್ತದೆ.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ ಎಂಬುದು ಹಿರಿಯರ ಮಾತು. ಕತ್ತಿ ಮಸೆದು ನಿಂತವರು ಅದು ಕಳೆದು ಇನ್ನೊಂದು ತಿಂಗಳು ನೋಡಲಿ. ಅಷ್ಟರಲ್ಲಿ ಸುಳಿ ಎದ್ದರೆ ಮನೆಗೊಂದು ಗೊನೆ ಉಳಿಯಿತು. ಏಳದಿದ್ದರೆ ಕಡಿಯಲು ಕತ್ತಿ ಇದ್ದೇ ಇದೆ!