ಮಾಗಿಯ ಇರುಳು ಕಾಯುವ ತೋಟಗಾರರು

ಬೆಂಗಳೂರಿನಲ್ಲಿ ಹಿಮ ಬೀಳುವುದಿಲ್ಲ. ಊರಿನ ದಾಖಲೆಯಲ್ಲಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್; ಅದೂ 1884ರ ಜನವರಿ 13ರಂದು. ಹಿಮದ ನಾಡುಗಳಲ್ಲಿ ನೆಲ ಹೆಪ್ಪುಗಟ್ಟುತ್ತದೆ, ಗಿಡ ಎಲೆ ಉದುರಿಸಿ ಮಲಗುತ್ತದೆ, ತೋಟಗಾರ ಒಳಗೆ ಕೂತು ಹತಾರ ಸಾಣೆ ಹಿಡಿಯುತ್ತ ವಸಂತಕ್ಕೆ ಕಾಯುತ್ತಾನೆ. ಯಲಹಂಕ ದಾಟಿ ಹೆಸರಘಟ್ಟ, ದೊಡ್ಡಬಳ್ಳಾಪುರ, ದೇವನಹಳ್ಳಿಯ ಕಡೆಗೆ ಹೋದರೆ ಇದಕ್ಕೆ ತದ್ವಿರುದ್ಧ. ಇಲ್ಲಿ ಮಾಗಿ ಎಂದರೆ ನಿದ್ದೆಗೆಟ್ಟು ದುಡಿಯುವ ಕಾಲ.

ಲಾಲ್‌ಬಾಗ್‌ಗೆ ಈಗಿನ ರೂಪ ಕೊಟ್ಟವರಲ್ಲಿ ಪ್ರಮುಖರಾದ ಗುಸ್ಟಾವ್ ಹರ್ಮನ್ ಕ್ರುಂಬಿಗೆಲ್ ಈ ಎರಡೂ ಬಗೆಯ ಚಳಿಗಾಲವನ್ನು ಕಂಡವರು. ಜರ್ಮನಿಯ ಡ್ರೆಸ್ಡನ್ ಬಳಿ ಹುಟ್ಟಿ, ಲಂಡನ್ನಿನ ಕ್ಯೂ ತೋಟದಲ್ಲಿ ಪಳಗಿ, 1893ರಲ್ಲಿ ಬರೋಡಕ್ಕೆ ಬಂದು, 1908ರಲ್ಲಿ ಬೆಂಗಳೂರಿಗೆ ಬಂದರು. ಡ್ರೆಸ್ಡನ್ನಿನಲ್ಲಿ ಡಿಸೆಂಬರ್ ಕೊನೆಯ ಹಗಲು ಎಂಟು ಗಂಟೆಯೂ ಇರುವುದಿಲ್ಲ. ಬೆಂಗಳೂರಿನ ಅತಿ ಚಿಕ್ಕ ಹಗಲು ಹನ್ನೊಂದು ಗಂಟೆ ಇಪ್ಪತ್ತು ನಿಮಿಷದಷ್ಟು. ಜೂನ್ ತಿಂಗಳ ಹಗಲಿಗೂ ಡಿಸೆಂಬರಿನ ಹಗಲಿಗೂ ಇಲ್ಲಿ ಒಂದೂವರೆ ಗಂಟೆಯ ಅಂತರ, ಅಷ್ಟೇ. ನಮ್ಮ ಗಮನಕ್ಕೇ ಬಾರದ ಈ ಒಂದೂವರೆ ಗಂಟೆಯನ್ನು ಗಿಡಗಳು ಮಾತ್ರ ತಪ್ಪದೆ ಲೆಕ್ಕ ಇಡುತ್ತವೆ.

ಸೇವಂತಿಗೆಯನ್ನೇ ನೋಡಿ. ಇರುಳು ಉದ್ದವಾದರೆ ಅದು ಬೆಳೆಯುವುದನ್ನು ನಿಲ್ಲಿಸಿ ಮೊಗ್ಗಿಗೆ ತಿರುಗುತ್ತದೆ. ಸಸಿ ಇನ್ನೂ ಗೇಣುದ್ದ ಇರುವಾಗಲೇ ಮೊಗ್ಗು ಬಂದರೆ ಬೆಳೆಗಾರನ ಕೈಗೆ ಸಿಗುವುದು ಗಿಡ್ಡ ಕಡ್ಡಿ, ನಾಲ್ಕಾರು ಹೂ. ಹಾಗಾಗಿ ಈ ಭಾಗದ ಹಲವು ಹೊಲಗಳಲ್ಲಿ ಸಸಿ ನೆಟ್ಟ ಮೊದಲ ಕೆಲವು ವಾರ ಸಾಲಿನ ಮೇಲೆ ತಂತಿ ಎಳೆದು ಬಲ್ಬು ಕಟ್ಟುತ್ತಾರೆ. ನಡುರಾತ್ರಿಯಲ್ಲಿ ಕೆಲವು ಗಂಟೆ ಬೆಳಕು ಕೊಟ್ಟರೆ ಸಾಕು, ಗಿಡದ ಪಾಲಿಗೆ ಉದ್ದದ ಇರುಳು ಎರಡು ತುಂಡಾಗುತ್ತದೆ, ಅದು ಮೊಗ್ಗಿನ ಯೋಚನೆ ಬಿಟ್ಟು ಎತ್ತರಕ್ಕೆ ಬೆಳೆಯುತ್ತದೆ. ಬೇಕಾದಷ್ಟು ಬೆಳೆದ ಮೇಲೆ ದೀಪ ಆರಿಸುತ್ತಾರೆ. ಗಿಡ ಹೂವಿನ ಕಾಲವನ್ನು ಹಗಲಿನ ಉದ್ದದಿಂದ ಅರಿಯುತ್ತದೆಂದು ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ 1920ರಲ್ಲಿ ತೋರಿಸಿದರು. ಅದು ನಿಜಕ್ಕೂ ಅಳೆಯುವುದು ಇರುಳನ್ನು ಎಂಬುದು 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ನಡೆಸಿದ ಪ್ರಯೋಗಗಳಿಂದ ಗೊತ್ತಾಯಿತು. ರಾತ್ರಿ ದಾರಿಹೋಕರು ಯಾವುದೋ ಜಾತ್ರೆಯ ದೀಪವೆಂದುಕೊಳ್ಳುವ ಈ ಬಲ್ಬಿನ ಸಾಲುಗಳ ಹಿಂದೆ ಇರುವುದು ಆ ವಿಜ್ಞಾನ.

ಗುಲಾಬಿಯವರ ಚಿಂತೆಯೇ ಬೇರೆ. ಅವರ ಪಂಚಾಂಗದಲ್ಲಿ ಫೆಬ್ರುವರಿ 14ಕ್ಕಿಂತ ದೊಡ್ಡ ಹಬ್ಬವಿಲ್ಲ. ಚಿಗುರು ಚಿವುಟಿದ ದಿನದಿಂದ ಕಡ್ಡಿ ಕೊಯ್ಲಿಗೆ ಬರಲು ಸುಮಾರು ಏಳು ವಾರ ಬೇಕು. ಸಾಗಣೆಯ ದಿನಗಳನ್ನೂ ಸೇರಿಸಿ ಹಿಂದಕ್ಕೆ ಎಣಿಸಿದರೆ ಡಿಸೆಂಬರ್ ನಡುವಿನ ಹೊತ್ತಿಗೆ ಕತ್ತರಿ ಆಡಿರಬೇಕು. ಆಮೇಲೆ ಚಳಿ ಹೆಚ್ಚಿದರೆ ಹೂ ತಡ, ಬಿಸಿಲು ಹೆಚ್ಚಿದರೆ ಬೇಗ, ಎರಡೂ ನಷ್ಟವೇ. ಹದಿನೈದನೆಯ ತಾರೀಖು ಅರಳಿದ ಕೆಂಪು ಗುಲಾಬಿಗೆ ಹಿಂದಿನ ವಾರದ ಬೆಲೆ ಸಿಗುವುದಿಲ್ಲ. ಸಂಜೆ ಪಾಲಿಹೌಸಿನ ಪಕ್ಕದ ಪರದೆ ಇಳಿಸಿ ಬಿಸುಪು ಹಿಡಿದಿಡುವುದು, ಬೆಳಗಾದೊಡನೆ ಅದನ್ನು ಎತ್ತಿ ಒಳಗಿನ ತೇವ ಹೊರಗೆ ಬಿಡುವುದು ದಿನವೂ ತಪ್ಪದ ಕೆಲಸ. ಒಂದು ಬೆಳಗ್ಗೆ ಮೈಮರೆತು ಎಲೆಯ ಮೇಲೆ ನೀರು ನಿಂತರೂ ಬೂಜು ತುಪ್ಪಟ ರೋಗ ಹೊಗುತ್ತದೆ. ಮೊಗ್ಗು ದಪ್ಪವಾಗಲೆಂದು ಒಂದೊಂದಕ್ಕೂ ಬಲೆಯ ಟೊಪ್ಪಿ ತೊಡಿಸುತ್ತಾರೆ. ಈ ನಾಜೂಕಿನ ಕೆಲಸದಲ್ಲಿ ಹೆಣ್ಣುಮಕ್ಕಳ ಕೈ ದೊಡ್ಡದು. ಅವರ ದುಡಿಮೆಗೆ ಸಿಗಬೇಕಾದ ಮನ್ನಣೆ ಇನ್ನೂ ಸಿಕ್ಕಿಲ್ಲ.

ಕೊಯ್ದ ಕಡ್ಡಿಗಳು ತಂಪು ಕೋಣೆಗೆ ಹೋಗಿ, ಅಲ್ಲಿಂದ ಇಪ್ಪತ್ತರ ಕಟ್ಟುಗಳಾಗಿ ಹೊರಡುತ್ತವೆ. ಕೆಲವು ಹೆಬ್ಬಾಳದ ಅಂತರರಾಷ್ಟ್ರೀಯ ಹೂ ಹರಾಜು ಕೇಂದ್ರಕ್ಕೆ, ಕೆಲವು ದೇವನಹಳ್ಳಿಯ ವಿಮಾನ ನಿಲ್ದಾಣದ ಮೂಲಕ ಸಿಂಗಪುರ, ಮಲೇಷ್ಯಾ ಮುಂತಾದೆಡೆಗೆ. ಹೀಗೆ ಹೊರಗೆ ಹೋಗುವ ಕೆಂಪು ಗುಲಾಬಿಯಲ್ಲಿ ‘ತಾಜ್ ಮಹಲ್’ ತಳಿಯದೇ ಮೇಲುಗೈ. ಹಿಮದ ದೇಶದಲ್ಲಿ ಗಾಜಿನ ಮನೆಯನ್ನು ಇಂಧನ ಸುಟ್ಟು ಬೆಚ್ಚಗಿಟ್ಟು ಬೆಳೆಯುವ ಹೂವನ್ನು, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ನೆಲ ತನ್ನ ಬಿಸಿಲಿನಲ್ಲೇ ಬೆಳೆದುಕೊಡುತ್ತದೆ.

ದ್ರಾಕ್ಷಿಗೆ ಹಿಮವಿಲ್ಲದ ಚಳಿಗಾಲವೇ ಒಂದು ತೊಡಕು. ತಣ್ಣನೆಯ ದೇಶಗಳಲ್ಲಿ ಬಳ್ಳಿ ಚಳಿಗಾಲವಿಡೀ ನಿದ್ರಿಸಿ, ಮೈಕೊಡವಿ ಎದ್ದು ಒಟ್ಟಿಗೆ ಚಿಗುರುತ್ತದೆ. ಇಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಆ ನಿದ್ದೆ ಮಾಡಬೇಕಾದ ಕೆಲಸವನ್ನು ಕತ್ತರಿ ಮಾಡುತ್ತದೆ. ಕಡ್ಡಿ ಕತ್ತರಿಸಿ ಬಳ್ಳಿಯನ್ನು ಚಿಗುರಿಗೆ ಎಬ್ಬಿಸಬೇಕು. ಅದರ ಫಲವಾಗಿಯೇ ‘ಬೆಂಗಳೂರು ಬ್ಲೂ’ ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ. ಮಂಜು ಕವಿದ ವಾರಗಳಲ್ಲಿ ರೋಗ ತಡೆಯಲು ಬೆಳೆಗಾರರು ನೆಚ್ಚುವುದು ಹಳೆಯ ಬೋರ್ಡೋ ದ್ರಾವಣವನ್ನು: ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ. ಈ ದ್ರಾಕ್ಷಿಯ ಕಥೆ ತೋಟದ ಬೇಲಿಯೊಳಗೇ ನಿಲ್ಲಲಿಲ್ಲ. ತೋಟಗಾರಿಕೆ ತಜ್ಞ ಎಂ.ಎಚ್. ಮರಿಗೌಡರ ಪ್ರೇರಣೆಯಿಂದ 1959ರಲ್ಲಿ ದ್ರಾಕ್ಷಿ ಬೆಳೆಗಾರರು ಕಟ್ಟಿಕೊಂಡ ಸಹಕಾರ ಸಂಘವೇ ಮುಂದೆ ನಮ್ಮೆಲ್ಲರ ಬೀದಿಯಲ್ಲಿ ಹಣ್ಣು ತರಕಾರಿ ಮಾರುವ ಹಾಪ್‌ಕಾಮ್ಸ್ ಆಯಿತು.

ಮಾಗಿಯ ಮಾತು ಅವರೆಕಾಯಿ ಇಲ್ಲದೆ ಮುಗಿಯುವುದುಂಟೆ? ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಮುಂಗಾರಿನಲ್ಲೇ ಬಿದ್ದ ಬೀಜ, ರಾಗಿ ಕೊಯ್ಲಾಗುವವರೆಗೆ ತಾಳಿಕೊಂಡಿದ್ದು, ಇರುಳು ಉದ್ದವಾದಾಗಲೇ ಹೂ ಬಿಡುತ್ತದೆ. ಈ ಕಾಯುವಿಕೆಯನ್ನು ತಪ್ಪಿಸಿದ್ದು ಹೆಬ್ಬಾಳದ ಕೃಷಿ ವಿಜ್ಞಾನಿಗಳು. ಅಲ್ಲಿ 1899ರಲ್ಲಿ ಮೈಸೂರಿನ ರಾಜಮಾತೆ ಕೆಂಪನಂಜಮ್ಮಣ್ಣಿಯವರು ಕೊಟ್ಟ 30 ಎಕರೆಯಲ್ಲಿ ಡಾ. ಲೆಹ್ಮನ್ ನೇತೃತ್ವದಲ್ಲಿ ಶುರುವಾದ ಪ್ರಯೋಗ ಕ್ಷೇತ್ರ 1964ರಲ್ಲಿ ಕೃಷಿ ವಿಶ್ವವಿದ್ಯಾಲಯವಾಗಿ ಬೆಳೆಯಿತು. ಅಲ್ಲಿ ಹುಟ್ಟಿದ ‘ಹೆಬ್ಬಾಳ ಅವರೆ’ ತಳಿಗಳಾದ ಎಚ್‌ಎ-3, ಎಚ್‌ಎ-4 ಹಗಲಿರುಳಿನ ಲೆಕ್ಕ ನೋಡದೆ ವರ್ಷದ ಯಾವ ಕಾಲದಲ್ಲೂ ಕಾಯಿ ಕೊಡುತ್ತವೆ. ರೈತನಿಗೆ ಇದು ದೊಡ್ಡ ಅನುಕೂಲ. ಆದರೂ ಇಬ್ಬನಿಯಲ್ಲಿ ನೆಂದು ಬೆಳೆದ ನಾಟಿ ಕಾಯಿಯ ಸೊಗಡು ಬೇರೆಯೇ ಎಂದು ಇಲ್ಲಿನ ಅಡುಗೆಮನೆಗಳು ಹೇಳುತ್ತವೆ. ಆ ಮಾತನ್ನು ತಳ್ಳಿಹಾಕುವಂತಿಲ್ಲ.

2008ರಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಹೂವಿಗೆ ದಾರಿ ಹತ್ತಿರವಾಯಿತು, ನೆಲ ದುಬಾರಿಯಾಯಿತು. ಬಳ್ಳಾರಿ ರಸ್ತೆಯ ಎಡಬಲದಲ್ಲಿ ದ್ರಾಕ್ಷಿ ಚಪ್ಪರವಿದ್ದಲ್ಲಿ ಬಡಾವಣೆಗಳು ಎದ್ದಿವೆ. ಉಳಿದ ತೋಟಗಳನ್ನು ಉಳಿಸಿಕೊಳ್ಳುವುದು ಬೆಳೆಗಾರರೊಬ್ಬರದೇ ಹೊಣೆಯಲ್ಲ, ಕೊಳ್ಳುವ ನಮ್ಮದೂ ಹೌದು. ನವೆಂಬರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಕೃಷಿ ಮೇಳ ನಡೆಯುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ತೋಟಗಾರಿಕೆ ಮೇಳ ನಡೆಸುತ್ತದೆ. ಆರ್.ಟಿ. ನಗರದಿಂದಲೋ ಯಶವಂತಪುರದಿಂದಲೋ ಇವೇನೂ ದೂರವಲ್ಲ. ಮಕ್ಕಳನ್ನು ಕರೆದುಕೊಂಡು ಹೋಗಿ, ಬೆಳೆಯುವವರನ್ನೇ ಮಾತಾಡಿಸಿ, ಹೂವನ್ನೂ ಅವರೆಯನ್ನೂ ಅವರ ಕೈಯಿಂದಲೇ ಕೊಳ್ಳಿ.