ಹವ್ಯಾಸಕ್ಕೊಂದು ಷೆಡ್ಡು

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಳೆಯ ಮನೆಗಳ ಅಂಗಳದ ಮೂಲೆಯಲ್ಲಿ ಹೆಂಚು ಹೊದಿಸಿದ, ಜೋಡಿ ಬಾಗಿಲಿನ ಸಣ್ಣ ಕಟ್ಟಡವೊಂದು ಈಗಲೂ ಅಲ್ಲೊಂದು ಇಲ್ಲೊಂದು ಕಣ್ಣಿಗೆ ಬೀಳುತ್ತದೆ. ಮನೆಯವರು ಅದನ್ನು ಮೋಟಾರು ಷೆಡ್ಡು ಎನ್ನುತ್ತಾರೆ. ಒಳಗೆ ಮೋಟಾರು ಇರಲೇಬೇಕೆಂಬ ನಿಯಮವೇನೂ ಇಲ್ಲ. ಕಾಲು ಮುರಿದ ತೊಟ್ಟಿಲು, ತೂತುಬಿದ್ದ ಹಂಡೆ, ಯಾರದೋ ಮದುವೆಗೆ ತಂದು ಉಳಿದ ಚಾಪೆಗಳು, ಮುಂದೆಂದಾದರೂ ಬೇಕಾದೀತೆಂದು ಕಟ್ಟಿಟ್ಟ ವೃತ್ತಪತ್ರಿಕೆಗಳು ಅಲ್ಲಿ ಸುಖವಾಗಿರುತ್ತವೆ. ಕಾರು ಮಾತ್ರ ಬೀದಿಯ ಮರದ ಕೆಳಗೆ ನಿಂತು ಹಕ್ಕಿಗಳ ಕೃಪೆಗೆ ಪಾತ್ರವಾಗುತ್ತಿರುತ್ತದೆ.

ಚಾಮರಾಜಪೇಟೆ ಹುಟ್ಟಿದ್ದು ೧೮೯೨ರಲ್ಲಿ. ೧೮೯೮ರಲ್ಲಿ ಇಕ್ಕಟ್ಟಾದ ಪೇಟೆಗೆ ಪ್ಲೇಗು ಹೊಕ್ಕ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಮನುಷ್ಯನಿಗೆ ಗಾಳಿಬೆಳಕು ಬೇಕೆಂಬ ಪಾಠವನ್ನು ಆಗತಾನೇ ಕಲಿತಿದ್ದವರು ಮನೆಯ ಸುತ್ತ ಬಯಲು ಬಿಟ್ಟು ಕಟ್ಟಿದರು. ಆ ಔದಾರ್ಯದ ಕೊನೆಯ ತುಣುಕೇ ಈ ಷೆಡ್ಡು. ಇಂದು ಆ ಮನೆಗಳು ಒಂದೊಂದಾಗಿ ಉರುಳಿ ಬಹುಮಹಡಿಗಳು ಏಳುತ್ತಿವೆ. ಮನೆ ಉಳಿದಿರುವಲ್ಲಿಯೂ ಷೆಡ್ಡನ್ನು ಅಂಗಡಿಗೆಂದು ಬಾಡಿಗೆಗೆ ಕೇಳುವವರು ಬಾಗಿಲಿಗೆ ಬರುತ್ತಾರೆ. ತಿಂಗಳು ತಿಂಗಳು ಬರುವ ಹಣವನ್ನು ಬಿಟ್ಟು, ಆ ಜಾಗದಲ್ಲಿ ಮನೆಮಂದಿಗೊಂದು ಕಾರ್ಯಾಗಾರ ಮಾಡಿಕೊಳ್ಳಿರೆಂದು ಹೇಳುವವನನ್ನು ಬುದ್ಧಿವಂತನೆನ್ನಬಹುದೇ? ಎನ್ನಬಹುದೆಂದೇ ನನ್ನ ನಂಬಿಕೆ.

ಕೈಗೊಂದು ಕೋಣೆ

ಈ ಊರಿನ ಎಷ್ಟೋ ಮನೆಗಳಿಗೆ ಅನ್ನವಿಟ್ಟದ್ದು ಕೈಗಾರಿಕೆ. ೧೯೪೦ರಲ್ಲಿ ವಿಮಾನದ ಕಾರ್ಖಾನೆ, ೧೯೪೮ರಲ್ಲಿ ಟೆಲಿಫೋನಿನದು, ೧೯೫೩ರಲ್ಲಿ ಎಚ್.ಎಂ.ಟಿ., ೧೯೫೪ರಲ್ಲಿ ಬಿ.ಇ.ಎಲ್. ಹೀಗೆ ಒಂದರ ಹಿಂದೊಂದು ಬಂದವು. ಇಂಥ ಕಾರ್ಖಾನೆಗಳಲ್ಲಿ ಮೂವತ್ತು ವರ್ಷ ಕೂದಲೆಳೆಯ ಅಂತರವನ್ನು ಅಳೆದ ಕೈ, ನಿವೃತ್ತಿಯ ಮರುದಿನ ಏನು ಮಾಡಬೇಕು? ಮನೆಯಲ್ಲಿ ಒಂದು ಮೊಳೆ ಹೊಡೆಯಹೋದರೂ ಗೋಡೆಯ ಸುಣ್ಣ ಉದುರಿತೆಂಬ ಆಕ್ಷೇಪಣೆ ಕೇಳಿಬರುತ್ತದೆ. ಅತ್ತ ಮೊಮ್ಮಗ ಘರ್ಷಣೆಯ ಸೂತ್ರವನ್ನು ಬಾಯಿಪಾಠ ಮಾಡಿದ್ದಾನೆ. ಗರಗಸ ಹಿಡಿದು ಅದರ ರುಚಿ ನೋಡಿಲ್ಲ. ಅಜ್ಜನಿಗೆ ಕಲಿಸಲು ಜಾಗವಿಲ್ಲ, ಮೊಮ್ಮಗನಿಗೆ ಕಲಿಯಲು ಜಾಗವಿಲ್ಲ. ಕಾಯಕವನ್ನು ಕೊಂಡಾಡುವ ನಾಡಿನಲ್ಲಿ ಇದು ಸಣ್ಣ ನಷ್ಟವಲ್ಲ.

ಮನೆಯಲ್ಲಿ ಹುಟ್ಟಿದ್ದು ಮನೆಯಲ್ಲೇ ಮುಗಿಯಬೇಕೆಂದೂ ಇಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆ 'ವಿಠಲ ವಿಹಾರ'ದಲ್ಲಿ ಮೂವತ್ತು ವಾಟಿನ ಯಂತ್ರವೊಂದರಿಂದ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಅದಕ್ಕಿಟ್ಟ 'ಆಕಾಶವಾಣಿ' ಎಂಬ ಹೆಸರು ಮುಂದೆ ದೇಶದ ರೇಡಿಯೋವಿನ ಹೆಸರೇ ಆಯಿತು.

ಚಂಚಲವಾದ ಹವ್ಯಾಸ

ಷೆಡ್ಡನ್ನು ಬರಿದು ಮಾಡಿಕೊಂಡ ಕೂಡಲೇ ಉತ್ಸಾಹಿಗಳು ಬಡಗಿಯ ಭಾರಿ ಮೇಜೊಂದನ್ನು ನಡುವೆ ಹೂಳಿಸಿಬಿಡುತ್ತಾರೆ. ಆದರೆ ಹವ್ಯಾಸವೂ ಲಕ್ಷ್ಮಿಯಂತೆ ಚಂಚಲವಾದುದು. ಈ ವರ್ಷ ಮರಗೆಲಸ, ಬರುವ ವರ್ಷ ರೇಡಿಯೋ, ಆಮೇಲೆ ದೂರದರ್ಶಕದ ಕನ್ನಡಿ ಉಜ್ಜುವ ಹಂಬಲ. ನೆರೆಯ ಮರಾಠಿಯಲ್ಲಿ ಹವ್ಯಾಸವೆಂದರೆ ಅತಿಯಾಸೆಯೆಂದೇ ಅರ್ಥ! ಆದ್ದರಿಂದ ಕೋಣೆಯನ್ನು ಒಂದು ಹವ್ಯಾಸಕ್ಕೆ ಕಟ್ಟಿಹಾಕದೆ, ಬದಲಾಗುವುದಕ್ಕೇ ಅಣಿಗೊಳಿಸಬೇಕು. ಕದಲದಂತೆ ಮಾಡಬೇಕಾದವು ಮೂರೇ: ಬೆಳಕು, ವಿದ್ಯುತ್ತು, ಗೋಡೆ. ಉಳಿದುದೆಲ್ಲ ಕದಲುವಂತಿರಲಿ.

ಬೆಳಕಿಗೆ ಉತ್ತರದ ಕಿಟಕಿ ಶ್ರೇಷ್ಠ. ಅದು ದಿನವಿಡೀ ಒಂದೇ ಸಮನಾದ, ಕಣ್ಣು ಕುಕ್ಕದ ಬೆಳಕು ಕೊಡುತ್ತದೆ. ನಮ್ಮೂರು ಸಮಭಾಜಕ ವೃತ್ತದಿಂದ ಉತ್ತರಕ್ಕೆ ೧೩ ಡಿಗ್ರಿಯಲ್ಲಿರುವುದರಿಂದ ಏಪ್ರಿಲ್ ೨೪ರ ಸುಮಾರಿನಿಂದ ಆಗಸ್ಟ್ ೧೮ರ ಸುಮಾರಿನವರೆಗೆ ನಡುಹಗಲ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಸೂರು ಕೊಂಚ ಮುಂದೆ ಚಾಚಿದ್ದರೆ ಆ ಬಿಸಿಲು ಒಳಗೆ ಬರದು. ಕಿಟಕಿಯೇ ಇಲ್ಲವೆಂದರೆ ಹೆಂಚಿನ ಸಾಲಿನಲ್ಲಿ ನಾಲ್ಕು ಗಾಜಿನ ಹೆಂಚುಗಳನ್ನು ಸೇರಿಸಿದರಾಯಿತು.

ವಿದ್ಯುತ್ತಿನಲ್ಲಿ ಜಿಪುಣತನ ಕೂಡದು. ಭೂಸಂಪರ್ಕವುಳ್ಳ ಮೂರು ಪಿನ್ನಿನ ಸಾಕೆಟ್ಟುಗಳು ನೆಲದಿಂದ ನಾಲ್ಕಡಿ ಎತ್ತರದಲ್ಲಿ, ಒಂದೊಂದು ಗೋಡೆಗೂ ಇರಲಿ. ಆಗ ಮೇಜು ಎಲ್ಲಿಗೆ ಸರಿದರೂ ತಂತಿ ಕಾಲಿಗೆ ತೊಡರದು. ವಿದ್ಯುತ್ತು ಸೋರಿದೊಡನೆ ತಾನಾಗಿ ಕಡಿದುಹೋಗುವ ೩೦ ಮಿಲಿಯಾಂಪಿಯರಿನ ಸ್ವಿಚ್ಚು ತಪ್ಪದೆ ಬೇಕು. ಈ ಕೆಲಸವನ್ನು ಮಾತ್ರ ಹವ್ಯಾಸವೆಂದು ತಿಳಿಯದೆ ಬಲ್ಲ ಎಲೆಕ್ಟ್ರಿಷಿಯನ್ನನಿಗೇ ಒಪ್ಪಿಸಿ.

ಗೋಡೆಗೆ ಅಡಿಗೊಂದರಂತೆ ಅಡ್ಡಡ್ಡಲಾಗಿ ರೀಪುಗಳನ್ನು ಹೊಡೆಸಿದರೆ ಗರಗಸ, ಉಳಿ, ಇಕ್ಕಳ, ಬೈರಿಗೆಗಳನ್ನು ಬೇಕಾದ ಕಡೆ ತೂಗುಹಾಕಬಹುದು. ಗೋಡೆಯನ್ನು ಮತ್ತೆ ಮತ್ತೆ ಕೊರೆಯಬೇಕಿಲ್ಲ.

ಮೇಜಿಗೆ ಹೊಸ ಮರ ಕೊಳ್ಳುವ ಅಗತ್ಯವಿಲ್ಲ. ಕೆಡವಿದ ಮನೆಯ ತೇಗದ ಬಾಗಿಲೊಂದನ್ನು, ಮಡಿಸಿಡಬಹುದಾದ ಎರಡು ಕವಲುಗಾಲುಗಳ ಮೇಲೆ ಹಾಸಿರಿ. ನಿಂತು ಕೆಲಸ ಮಾಡುವವನ ಮಣಿಕಟ್ಟಿನ ಎತ್ತರ, ಅಂದರೆ ಸುಮಾರು ೩೪ ಅಂಗುಲ, ಮರಗೆಲಸಕ್ಕೆ ಸಾಕು; ಬೆಸುಗೆಯಂಥ ಸೂಕ್ಷ್ಮ ಕೆಲಸಕ್ಕೆ ಕಾಲುಗಳ ಕೆಳಗೆ ಮರದ ತುಂಡುಗಳನ್ನಿಟ್ಟು ಏರಿಸಿಕೊಳ್ಳಬಹುದು. ಒಂದೊಂದು ಹವ್ಯಾಸದ ಸಾಮಗ್ರಿಗೂ ಒಂದೊಂದು ತಗಡಿನ ಟ್ರಂಕು ಇರಲಿ. ಆಸೆ ಬದಲಾದ ದಿನ ಟ್ರಂಕು ಬದಲಾದರೆ ಸಾಕು. ಉಪಕರಣಗಳನ್ನು ಒಮ್ಮೆಲೇ ಕೊಳ್ಳಬೇಡಿ. ಚಿಕ್ಕಪೇಟೆಯ ಬಳಿಯ ಭಾನುವಾರದ ಬಜಾರಿನಲ್ಲಿ ಹಳೆಯ ಉಕ್ಕಿನ ಸಾಮಾನು, ಎಸ್.ಪಿ. ರಸ್ತೆಯಲ್ಲಿ ಹೊಸತು, ಬೇಕಾದಾಗ ಬೇಕಾದಷ್ಟು ಸಿಗುತ್ತದೆ.

ವರ್ಷವೆಲ್ಲ ಕೆಲಸ

ಇಂಥ ಕೋಣೆ ಪಂಚಾಂಗವನ್ನು ಅನುಸರಿಸಿ ವೇಷ ಬದಲಿಸುತ್ತದೆ. ಜನವರಿಯಿಂದ ಮಾರ್ಚಿಯವರೆಗಿನ ಒಣ ಹವೆ ಪಾಲಿಷಿಗೆ ಒಳ್ಳೆಯದು; ಮಳೆಗಾಲದಲ್ಲಿ ಬಳಿದ ಅರಗು ತೇವ ಹೀರಿ ಬೆಳ್ಳಗಾಗುತ್ತದೆ. ಬೇಸಿಗೆಯ ರಜೆಯಲ್ಲಿ ಬಾಗಿಲು ತೆರೆದಿಟ್ಟುಕೊಂಡು ಮಕ್ಕಳೊಡನೆ ಮರ ಕೊಯ್ಯಬಹುದು. ಆದರೆ ಆಗ ಬಿಗಿಯಾಗಿ ಕೂಡಿಸಿದ ಸೆಳೆಪೆಟ್ಟಿಗೆ ಮಳೆಗಾಲದಲ್ಲಿ ಉಬ್ಬಿ ಹಟ ಹಿಡಿಯುತ್ತದೆ. ಕೊಂಚ ಸಡಿಲ ಬಿಡುವುದು ಜಾಣತನ. ಚೌತಿಗೆ ಮುನ್ನ ಜೇಡಿಮಣ್ಣಿನ ಕೆಲಸ. ನವರಾತ್ರಿ ಬಂತೆಂದರೆ ಷೆಡ್ಡಿನ ಒಡೆತನ ಅಮ್ಮನಿಗೆ! ಗೊಂಬೆಗಳ ಮೆಟ್ಟಿಲು ಅಲ್ಲೇ ಏಳುತ್ತದೆ. ಬಣ್ಣ ಮಾಸಿದ ಪಟ್ಟದ ಗೊಂಬೆಗಳು ಅಲ್ಲೇ ಕಳೆ ಪಡೆಯುತ್ತವೆ. ತಟ್ಟೆಯಲ್ಲಿ ಚೆಲ್ಲಿದ ರಾಗಿ ಮೊಳೆತು ಗೊಂಬೆಗಳ ಉದ್ಯಾನಕ್ಕೆ ಹುಲ್ಲಾಗುತ್ತದೆ. ಕೈಕೆಲಸವೆಂದರೆ ಗಂಡಸರ ಸೊತ್ತೆಂಬ ಭ್ರಮೆಗೆ ಈ ಹತ್ತು ದಿನಗಳೇ ಉತ್ತರ.

ಎರಡು ಎಚ್ಚರಿಕೆಗಳು. ಮರದ ಹೊಟ್ಟು ಹಾರುವ ದಿನ ಬಣ್ಣದ ಡಬ್ಬಿ ತೆರೆಯಬಾರದು. ಟರ್ಪೆಂಟೈನು, ಸ್ಪಿರಿಟ್ಟುಗಳನ್ನು ಬಿಗಿಯಾಗಿ ಮುಚ್ಚಿ, ಬೆಸುಗೆಯ ಸಲಕರಣೆಯಿಂದ ದೂರವಿಡಬೇಕು; ಎಣ್ಣೆ ಹೀರಿದ ಬಟ್ಟೆ ರಾಶಿಯಾಗಿ ಬಿದ್ದಿದ್ದರೆ ತಾನಾಗಿಯೇ ಹೊತ್ತಿಕೊಳ್ಳುವುದುಂಟು, ಹರಡಿ ಒಣಗಿಸಿ. ಎರಡನೆಯದು ನೆರೆಹೊರೆಯ ಮಾತು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಸುತ್ತಿಗೆಗೆ ವಿರಾಮವಿರಲಿ. ಪಕ್ಕದ ಮನೆಯ ಕುರ್ಚಿಯ ಕಾಲನ್ನು ಒಮ್ಮೆ ಸರಿಮಾಡಿಕೊಟ್ಟರೆ ಉಳಿದ ಸದ್ದನ್ನು ಅವರು ಸಹಿಸಿಕೊಳ್ಳುತ್ತಾರೆ.

ಷೆಡ್ಡಿಲ್ಲದವರು ನಿರಾಶರಾಗಬೇಕಿಲ್ಲ. ಮಹಡಿಯ ಮನೆಯಲ್ಲಿಯೂ ಮಂಚದ ಕೆಳಗೊಂದು ಟ್ರಂಕು, ಬಾಲ್ಕನಿಯ ಗೋಡೆಗೆ ಬಿಜಾಗರಿ ಹಾಕಿ ನಿಲ್ಲಿಸಿದ ಒಂದು ಹಲಗೆ, ತಲೆಯ ಮೇಲೊಂದು ದೀಪ ಇದ್ದರೆ ಸಾಕು. ಷೆಡ್ಡು ಇದ್ದವರಾದರೋ ಅದರ ಅರ್ಧ ನೆಲವನ್ನು ಸದಾ ಬರಿದಾಗಿಯೇ ಬಿಡಬೇಕು. ಬಾಡಿಗೆ ತರುವ ಹಣ ತಿಂಗಳೊಳಗೆ ಕರಗುತ್ತದೆ. ಅಜ್ಜನ ಕೈಯಿಂದ ಮೊಮ್ಮಗನ ಕೈಗೆ ದಾಟಿದ ಕೆಲಸ ಕರಗುವುದಿಲ್ಲ. ಅದು ದಾಟುವುದಕ್ಕೆ ಇಬ್ಬರು ಒಟ್ಟಿಗೆ ನಿಲ್ಲುವಷ್ಟು ಜಾಗ ಬೇಕು.